ಹೊಟ್ಟೆ ಕೊಯ್ಸಿಕೊಂಡ ಮೇಲಿನ ಊಟ

ಮೊದಲು ಹೇಸಿಗೆ ಹುಟ್ಟಿದ್ದು ಆ ಪ್ರೋಟೀನ್ ಪುಡಿಯ ಮೇಲೆ. ದೊಡ್ಡ ಕಪ್ಪು ಡಬ್ಬಿ, ಒಳಗೆ ಸೀಮೆಸುಣ್ಣ ಕುಟ್ಟಿ ತುಂಬಿದಂಥ ಬಿಳಿ ಪುಡಿ. ನೀರಿಗೆ ಹಾಕಿ ಅಲುಗಾಡಿಸಿದರೆ ಮೇಲೆ ಸೋಪಿನ ನೊರೆ ಏಳುತ್ತಿತ್ತು, ತಳದಲ್ಲಿ ಗಂಟು ಗಂಟಾಗಿ ಅಂಟಿಕೊಳ್ಳುತ್ತಿತ್ತು. ಡಬ್ಬಿಯ ಮೇಲೆ ವೆನಿಲಾ ಎಂದು ಬರೆದಿತ್ತು. ನನ್ನ ಮೂಗಿಗೆ ಮಾತ್ರ ಅದು, ಹಸುಗೂಸು ಹಾಲು ಕಕ್ಕಿದ ಬಟ್ಟೆಯನ್ನು ಒಗೆಯದೆ ಮೂಲೆಗೆ ಎಸೆದಿಟ್ಟ ವಾಸನೆ.

"ಮೂಗು ಹಿಡ್ಕೊಂಡು ಕುಡ್ದುಬಿಡ್ರಿ," ಎಂದಳು ಹೆಂಡತಿ.

"ಒಂದೊಂದೇ ಗುಟುಕು ಕುಡೀಬೇಕು ಅಂತ ಹೇಳವ್ರೆ. ಅರ್ಧ ಗಂಟೆ ಮೂಗು ಹಿಡ್ಕೊಂಡ್ರೆ ನಾನು ಉಳೀತೀನಾ?"

ಅವಳು ನಗಲಿಲ್ಲ. ಲೋಟ ಹಿಡಿದು ನಿಂತೇ ಇದ್ದಳು.

ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ಮಂಡಿ. ಅಪ್ಪ ಮಾಡಿದ್ದನ್ನು ನಾನು ಮುಂದುವರಿಸಿದವನು. ದಿನವಿಡೀ ಕೂತು ಮಾಡುವ ವ್ಯಾಪಾರ, ಕೂತಲ್ಲಿಗೇ ಬರುವ ತಿಂಡಿ. ನಲವತ್ತೈದು ದಾಟುವಷ್ಟರಲ್ಲಿ ನನ್ನ ಚಪ್ಪಲಿಯ ಪಟ್ಟಿಯನ್ನು ಹೆಂಡತಿ ಬಗ್ಗಿ ಹಾಕಬೇಕಾಗುತ್ತಿತ್ತು. ಸಕ್ಕರೆ ಕಾಯಿಲೆಗೆ ಸೂಜಿ ಶುರುವಾಗಿತ್ತು. ನಿದ್ದೆಯಲ್ಲಿ ಗೊರಕೆಯ ನಡುವೆ ಉಸಿರು ನಿಂತು, ಅವಳು ಎದ್ದು ನನ್ನನ್ನು ಅಲುಗಾಡಿಸುತ್ತಿದ್ದಳಂತೆ. ಡಾಕ್ಟರು ಆಪರೇಷನ್ ಎಂದಾಗ ನಾನು ಒಪ್ಪಿದ್ದು ಧೈರ್ಯದಿಂದಲ್ಲ, ಅವಳ ಕಣ್ಣ ಕೆಳಗಿನ ಕಪ್ಪು ನೋಡಿ. ಹೊಟ್ಟೆಯ ಹೆಚ್ಚಿನ ಭಾಗ ಕತ್ತರಿಸಿ ತೆಗೆದು, ಬಾಳೆಹಣ್ಣಿನಷ್ಟು ಸಣ್ಣ ಕೊಳವೆಯೊಂದನ್ನು ಉಳಿಸಿ ಹೊಲಿದರು.

ಅದಕ್ಕೂ ಮುಂಚೆ ನಾನು ಊಟಕ್ಕೆ ಹೆಸರಾದವನು. ಇದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮದುವೆ ಮನೆಯಲ್ಲಿ ನಾನು ಎಲೆಯ ಮುಂದೆ ಕೂತರೆ ಕೈ ತೊಳೆದವರೂ ವಾಪಸು ಬಂದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. "ಇನ್ನೊಂದು ಹೋಳಿಗೆ ಹಾಕ್ರಪ್ಪ, ಅಣ್ಣಂಗೆ ಇನ್ನೂ ಜಾಗ ಐತೆ," ಎಂದು ಯಾರೋ ಕೂಗುವುದು, ಬಡಿಸುವವರು ಬುಟ್ಟಿಯನ್ನೇ ಹೊತ್ತು ತರುವುದು. ಪಕ್ಕದ ಮಂಡಿಯ ಗೆಳೆಯ ಹೊರಗಿನ ವ್ಯಾಪಾರಿಗಳು ಬಂದಾಗ ನನ್ನನ್ನು ಬೇಕೆಂದೇ ಹೋಟೆಲಿಗೆ ಎಳೆದೊಯ್ಯುತ್ತಿದ್ದ. ಊರಿನ ವಿಶೇಷ ತೋರಿಸುವಂತೆ ನನ್ನನ್ನು ತೋರಿಸುತ್ತಿದ್ದ. ನನಗೂ ಅದು ಹೆಮ್ಮೆಯೇ ಆಗಿತ್ತು.

ಆಪರೇಷನ್ ಆದ ಮೇಲೆ ಆಸ್ಪತ್ರೆಯ ಡಯೆಟಿಶಿಯನ್ ಹುಡುಗಿ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. "ಸರ್, ಕ್ಯಾಲರಿ ಈಗ ದಿನಕ್ಕೆ ಆರು ನೂರು, ಏಳು ನೂರು ಆದ್ರೂ ಪರವಾಗಿಲ್ಲ. ಮೈಯಲ್ಲಿರೋ ಕೊಬ್ಬು ಕರಗಿ ಉಳಿದದ್ದನ್ನ ಕೊಡುತ್ತೆ. ಆದ್ರೆ ಪ್ರೋಟೀನ್ ಅರವತ್ತು ಗ್ರಾಂ ಆಗಲೇಬೇಕು. ಇಲ್ಲಾಂದ್ರೆ ಕೊಬ್ಬಿನ ಬದಲು ಮಾಂಸಖಂಡ ಕರಗುತ್ತೆ."

ಒಬ್ಬ ಮನುಷ್ಯನಿಗೆ ಅರವತ್ತು ಗ್ರಾಂ ಎಂದರೆ ಏನು ಮಹಾ ಎಂದುಕೊಂಡಿದ್ದೆ. ಕ್ವಿಂಟಾಲ್ ಲೆಕ್ಕದಲ್ಲಿ ಬದುಕಿದವನು ನಾನು. ಆದರೆ ಅರ್ಧ ಇಡ್ಲಿಗೆ ಎದೆಯಲ್ಲಿ ಕಲ್ಲು ಕೂತಂತಾಗುವ ಹೊಟ್ಟೆಯಲ್ಲಿ ಅಷ್ಟು ಪ್ರೋಟೀನ್ ಹಿಡಿಸುವುದು ಹರಸಾಹಸವೇ. ಊಟದ ಜೊತೆ ನೀರು ಕುಡಿಯುವಂತಿಲ್ಲ. ಒಂದು ತುತ್ತನ್ನು ಬಾಯಲ್ಲೇ ಗಂಜಿಯಾಗುವವರೆಗೆ ಅಗಿಯಬೇಕು. ಅಷ್ಟು ಅಗಿದ ಅನ್ನ ಅನ್ನವಾಗಿ ಉಳಿಯುವುದಿಲ್ಲ. ನಾಲಗೆಗೆ ಅದು ಬೇರೆ ಯಾರೋ ಅಗಿದು ನನ್ನ ಬಾಯಿಗೆ ಇಟ್ಟ ಹಾಗೆ ಅನ್ನಿಸುತ್ತಿತ್ತು.

ಸ್ವಲ್ಪ ಅವಸರವಾದರೂ ಸಾಕು, ಬಾಯಲ್ಲಿ ಜೊಲ್ಲು ಉಕ್ಕುತ್ತಿತ್ತು. ಸಾಮಾನ್ಯ ಜೊಲ್ಲಲ್ಲ, ದಪ್ಪ, ಎಳೆ ಎಳೆಯಾದ ನೊರೆ. ಬಚ್ಚಲಿಗೆ ಓಡಿ ಬಗ್ಗಿ ನಿಂತರೆ ಗದ್ದದಿಂದ ನೆಲದವರೆಗೆ ಒಂದೇ ದಾರವಾಗಿ ಇಳಿಯುತ್ತಿತ್ತು. ಆ ಹೊತ್ತಿಗೆ ನನ್ನ ಉಸಿರೂ ಕೆಟ್ಟಿತ್ತು. ಕೊಳೆತ ಹಣ್ಣಿನ ಹುಳಿ ವಾಸನೆ. ಹೆಂಡತಿ ಮಾತಾಡುವಾಗ ಗೊತ್ತಾಗದಂತೆ ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದಳು. ನನಗೆ ಗೊತ್ತಾಗುತ್ತಿತ್ತು. ಹೊಟ್ಟೆಯ ತೊಗಲು ಖಾಲಿ ಗೋಣಿಚೀಲದ ಹಾಗೆ ಜೋತಿತ್ತು. ಸ್ನಾನಕ್ಕೆ ಹೋದಾಗ ಅದನ್ನು ಎತ್ತಿ ಹಿಡಿದು ಅಡಿಯಲ್ಲಿ ತೊಳೆಯಬೇಕಾಗಿತ್ತು. ಕಣ್ಣು ಮುಚ್ಚಿಕೊಂಡೇ ತೊಳೆಯುತ್ತಿದ್ದೆ.

ಮಂಡಿಗೆ ಹೋದರೆ ಎಣ್ಣೆ ಮಿಲ್ಲುಗಳ ವಾಸನೆ. ಹುಟ್ಟಿದಾಗಿನಿಂದ ಆ ಗಾಳಿಯನ್ನೇ ಕುಡಿದವನಿಗೆ, ಹಿಂಡಿಯ ಬಿಸಿ ಕಮಟು ಬೀದಿಗೆ ಬಂದರೆ ಓಕರಿಕೆ. ಗೆಳೆಯ ಎದುರಿಗೇ ಕೂತು ಖಾರ ಮಂಡಕ್ಕಿಯ ಪೊಟ್ಟಣ ಬಿಚ್ಚುತ್ತಿದ್ದ. ಮಿರ್ಚಿಯನ್ನು ಮುರಿದಾಗ ಅದರ ಹೊಟ್ಟೆಯಿಂದ ಸೋರುವ ಎಣ್ಣೆ, ಅವನ ತುಟಿಯಂಚಿಗೆ ಅಂಟಿದ ಕಡಲೆಹಿಟ್ಟು, ಮಾತಿನ ನಡುವೆ ಕಾಣುವ ಅರೆ ಅಗಿದ ಮುದ್ದೆ.

"ಒಂದು ತಿನ್ನಲೇ, ಏನೂ ಆಗಲ್ಲ. ಹೊಟ್ಟೆ ಕೊಯ್ದವ್ರೆ, ಬಾಯಿ ಕೊಯ್ದಿಲ್ವಲ್ಲ."

"ಬಾಯಿ ಮುಚ್ಕೊಂಡು ತಿನ್ನಲೇ ನೀನು," ಎಂದೆ. ಅವನು ಅದನ್ನು ತಮಾಷೆ ಎಂದುಕೊಂಡ.

ಡಯೆಟಿಶಿಯನ್ ಹುಡುಗಿ ಮೊಟ್ಟೆಯ ಬಿಳಿಭಾಗ ಎಂದಳು. ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆ ಒಳಗೆ ಬಂದಿದ್ದಿಲ್ಲ. ಆದರೂ ಹೆಂಡತಿ ಹಿತ್ತಲಲ್ಲಿ ಸಣ್ಣ ಒಲೆ ಹಚ್ಚಿ, ಬೇರೆ ಪಾತ್ರೆಯಲ್ಲಿ ಬೇಯಿಸಿ, ಮೂಗಿಗೆ ಸೆರಗು ಕಟ್ಟಿಕೊಂಡು ಸುಲಿದು ತಂದಳು. ಅವಳು ಅಷ್ಟು ಮಾಡಿದ್ದಕ್ಕಾದರೂ ತಿನ್ನಬೇಕೆಂದು ಬಾಯಿಗೆ ಇಟ್ಟುಕೊಂಡೆ. ಹಲ್ಲಿನ ನಡುವೆ ಅದು ರಬ್ಬರಿನಂತೆ ಜಾರಿತು, ಗಂಧಕದ ವಾಸನೆ ಮೂಗಿಗೇರಿತು. ಉಗುಳಿಬಿಟ್ಟೆ. ಅವಳು ಆ ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿದಳು.

ಆಮೇಲೆ ಪುಡಿಯನ್ನೂ ನಿಲ್ಲಿಸಿದೆ. "ನನ್ನಿಂದ ಆಗಲ್ಲ," ಎಂದು ನೇರವಾಗಿಯೇ ಹೇಳಿದೆ. ನೀರು ಮಜ್ಜಿಗೆ, ತೆಳ್ಳಗಿನ ಗಂಜಿ, ಇಷ್ಟರಲ್ಲೇ ದಿನ ದೂಡಿದೆ. ತೂಕ ಸರಸರ ಇಳಿಯಿತು, ನೋಡಿದವರೆಲ್ಲ ಹೊಗಳಿದರು. ಆದರೆ ಬಾಚಣಿಗೆ ತುಂಬ ಕೂದಲು. ಮಂಡಿಯಲ್ಲಿ ಮಾಲು ನೋಡಲು ಶೇಂಗಾ ಕಾಯಿ ಒಡೆಯಬೇಕೆಂದರೆ ಬೆರಳಿಗೆ ಕಸುವಿಲ್ಲ. ರಕ್ತ ಪರೀಕ್ಷೆಯ ವರದಿ ನೋಡಿ ಆ ಹುಡುಗಿ ಫೋನಿನಲ್ಲಿ ಬೈದಳು. "ಸರ್, ನೀವು ಸಣ್ಣ ಆಗ್ತಿಲ್ಲ, ಸವೀತಿದ್ದೀರಿ."

ಇಂಥ ಸ್ಥಿತಿಯಲ್ಲೇ ಮೊಳಕಾಲ್ಮೂರಿಗೆ ಹೊರಟದ್ದು. ಅದು ಹೆಂಡತಿಯ ತವರು. ಮಾವನದು ರೇಷ್ಮೆ ಸೀರೆ ವ್ಯಾಪಾರ. ಮನೆ ಮನೆಯ ಮಗ್ಗಗಳಿಗೆ ನೂಲು ಕೊಟ್ಟು ಸೀರೆ ನೇಯಿಸುತ್ತಾರೆ. ಭಾವಮೈದುನನ ಮಗನಿಗೆ ಜವಳ ತೆಗೆಯುವ ಶಾಸ್ತ್ರವಿತ್ತು. ನೆಂಟರು, ನೇಯುವ ಮನೆಗಳವರು ಎಲ್ಲ ಸೇರಿದ್ದರು.

ನನ್ನನ್ನು ಕಂಡು ಮಾವನ ಮುಖ ಸಣ್ಣದಾಯಿತು. ಅವರಿಗೆ ಅಳಿಯನ ಊಟವೆಂದರೆ ಮನೆತನದ ಮರ್ಯಾದೆ. "ನಮ್ಮ ಅಳಿಯಂದ್ರು ಕೂತ್ರೆ ಅಡಿಗೆಯೋನು ಬೆವರಬೇಕು," ಎಂದು ಇಪ್ಪತ್ತು ವರ್ಷ ಹೇಳಿಕೊಂಡು ಬಂದವರು. ಪಂಕ್ತಿಯ ಮೊದಲ ಎಲೆಗೆ ನನ್ನನ್ನು ಕೈ ಹಿಡಿದು ಕೂರಿಸಿದರು. ಹೆಂಡತಿ ಒಳಗೆ ಮಗುವಿನ ಹತ್ತಿರ ಇದ್ದಳು.

"ಮಾವಾರೆ, ನಂಗೆ ಬ್ಯಾಡ. ಡಾಕ್ಟ್ರು ಸಿಹಿ ಮುಟ್ಟಬೇಡ ಅಂದವ್ರೆ."

"ಒಂದು ಹೋಳಿಗೆಗೆ ಡಾಕ್ಟ್ರು ಬಂದು ನೋಡ್ತಾರಾ? ಮೊಮ್ಮಗನ ಜವಳ ಐತೆ, ಎಲೆ ಹಂಗೇ ಬಿಟ್ಟು ಏಳಬಾರ್ದು." ಹೋಳಿಗೆ ಹಾಕಿ, ಅದರ ಮೇಲೆ ತಾವೇ ತುಪ್ಪ ಸುರಿದರು.

ಎದುರು ಪಂಕ್ತಿಯಲ್ಲಿದ್ದವರು ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಮಗ್ಗದ ಮನೆಯ ಹಿರಿಯನೊಬ್ಬ ನಗುತ್ತ ತೆಲುಗಿನಲ್ಲಿ, "ತಿನಂಡಿ ಸಾವ್ಕಾರ್, ಸೂಸ್ತಾಮು," ಎಂದ. ತಿನ್ನಿ, ನಾವು ನೋಡುತ್ತೇವೆ ಎಂದು. ಆ ಮುಖಗಳ ಆಸೆಗೆ ಸೋತೆನೋ ಹಳೆಯ ಚಟವೋ, ಅರ್ಧ ಹೋಳಿಗೆ ಮುರಿದು ತಿಂದೆ. ಬೇಗ ಬೇಗನೇ ತಿಂದೆ.

ಕೆಲವೇ ಹೊತ್ತಿನಲ್ಲಿ ಎದೆ ಡಬಡಬ ಹೊಡೆದುಕೊಂಡಿತು. ಕಿವಿ ಮುಚ್ಚಿದಂತಾಗಿ, ಬೆನ್ನ ಮೇಲೆ ತಣ್ಣನೆ ಬೆವರು ಇಳಿಯಿತು. ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದ ಹಾಗೆ. ಏಳೋಣವೆಂದರೆ ಕಾಲು ಬರಲಿಲ್ಲ. ಬಾಯಿಂದ ನೊರೆ, ನೊರೆಯ ಹಿಂದೆ ತುಪ್ಪದಲ್ಲಿ ನೆನೆದ ಹೂರಣ, ಎಲ್ಲ ಎಲೆಯ ಮೇಲೇ ಬಂತು. ಪಕ್ಕದವರ ಎಲೆಗೂ ಸಿಡಿಯಿತು. ಅವರು "ಥೂ" ಎಂದು ಛಂಗನೆ ಎದ್ದರು. ಪಂಕ್ತಿಯೇ ಎದ್ದಿತು. ನನ್ನ ಗದ್ದದಿಂದ ಆ ದಾರ ಇನ್ನೂ ತೂಗುತ್ತಿತ್ತು.

ಹೆಂಡತಿ ಓಡಿ ಬಂದವಳೇ ತನ್ನ ಅಪ್ಪನ ಕೈಯಿಂದ ತುಪ್ಪದ ಗಿಂಡಿ ಕಿತ್ತುಕೊಂಡಳು. "ಸಾಯಿಸ್ತೀಯೇನಪ್ಪ ಅವ್ರನ್ನ? ಸಾಯಿಸಿಬಿಡು, ಎಲ್ರೂ ನಿಂತ್ಕೊಂಡು ನೋಡ್ಲಿ!" ಅವಳು ಅಪ್ಪನ ಎದುರು ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಮಾವ ಹೆಗಲ ಮೇಲಿನ ಟವಲಿನಿಂದ ನನ್ನ ಬಾಯಿ ಒರೆಸಲು ಬಂದರು.

ಸಂಜೆ ನೆಂಟರು ಹೋದ ಮೇಲೆ ಅತ್ತೆ ನಾನು ಮಲಗಿದ್ದ ಕೋಣೆಗೆ ಬಂದು ಹೊಸಿಲ ಮೇಲೆ ಕೂತರು. ಮಾತು ಕಡಿಮೆಯ ಹೆಂಗಸು. ನನ್ನೆದುರು ಎಂದೂ ಕೂತಿದ್ದವರಲ್ಲ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬ್ಯಾಡ್ರಿ. ಇಷ್ಟು ವರ್ಷ ನಿಮ್ಗೆ ಬಡಿಸೀನಿ. ಒಂದಿನಾನೂ ನಿಂತು ನೋಡಕ್ಕಾಗಿಲ್ಲ ನಂಗೆ."

"ಯಾಕತ್ತೆ?"

"ಹೊಟ್ಟೆ ತುಂಬಿದ ಮ್ಯಾಲೂ ಉಣ್ತಿದ್ರಿ. ಕಣ್ಣು ಕೆಂಪಾಗವು. ಬೆವರು ಎಲೆ ಮ್ಯಾಲೆ ಬೀಳದು. ಇವ್ರೆಲ್ಲ ಕೋಣ ಕುಣ್ಸಿದಂಗೆ ಕೂಗೋರು. ಅಸಹ್ಯ ಆಗದು ನಂಗೆ. ಒಳಕ್ಕೋಗಿ ಕೂತ್ಕೊಂಬಿಡ್ತಿದ್ದೆ."

ನನಗೆ ಕಪಾಳಕ್ಕೆ ಹೊಡೆದಂತಾಯಿತು. "ಅವತ್ತೇ ಹೇಳ್ಬೇಕಿತ್ತು," ಎಂದೆ.

"ಅಳಿಯಂಗೆ ಉಣ್ಣಬ್ಯಾಡ ಅನ್ನಕ್ಕಾಗ್ತೈತಾ? ನನ್ನ ಮಗಳು ಹೇಳಿದ್ರೆ ನೀವು ಕೇಳ್ತಿದ್ರಾ?" ಎಂದು ಎದ್ದರು. "ಮಂಡಿ ಹೆಂಗೋ ನಡೀತೈತೆ. ಕೆಲವು ದಿನ ಇಲ್ಲೇ ಇರ್ರಿ. ಯಾರೂ ನೋಡದಿದ್ದ ಕಡೆ ಕೂತು ತಿನ್ನೀರಂತೆ."

ಅತ್ತೆಯ ಮಾತಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ದಿನ ಮಧ್ಯಾಹ್ನ ಛಂಗನೆ ಎದ್ದವರಿಗಿಂತ, ಹಿಂದೆ ಚಪ್ಪಾಳೆ ತಟ್ಟಿದವರ ಮೇಲೆ ನನಗೆ ಹೇಸಿಗೆ ಹೆಚ್ಚಾಯಿತು. ಅವರ ಚಪ್ಪಾಳೆಗೆ ಬಾಯಿ ತೆರೆದವನ ಮೇಲೆ ಇನ್ನೂ ಹೆಚ್ಚು.

ಮರುದಿನ ಹೆಂಡತಿ ಡಯೆಟಿಶಿಯನ್ ಹುಡುಗಿಗೆ ಫೋನ್ ಹಚ್ಚಿ, ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಯಾವ ವಾಸನೆಯೂ ರುಚಿಯೂ ಹಾಕದ ಪುಡಿ ಸಿಗುತ್ತದೆ, ಸಿಹಿ ಆಗದಿದ್ದರೆ ಉಪ್ಪಿನದಕ್ಕೆ ಬೆರೆಸಿ ನೋಡಿ ಎಂದು ಆ ಹುಡುಗಿ ತಿಳಿಸಿದಳು. ಪುಡಿ ತರಿಸಿದೆವು. ಅತ್ತೆ ಹೆಸರುಕಾಳನ್ನು ಮೆತ್ತಗೆ ಬೇಯಿಸಿ, ರುಬ್ಬಿ, ಜೀರಿಗೆ ಮೆಣಸು ಹಾಕಿ ತೆಳ್ಳಗೆ ಸಾರು ಮಾಡಿದರು. ಮೊದಲ ಸಲ ಕುದಿಯುವ ಸಾರಿಗೇ ಪುಡಿ ಹಾಕಿಬಿಟ್ಟೆವು. ಅದು ಒಡೆದ ಹಾಲಿನ ಹಾಗೆ ಚೂರು ಚೂರಾಗಿ ತೇಲಿತು, ನೋಡಿದ ತಕ್ಷಣ ಬಚ್ಚಲಿಗೆ ಓಡಿದೆ. ಎರಡನೆಯ ಸಲ ಉಗುರುಬೆಚ್ಚಗಾಗುವವರೆಗೆ ಆರಿಸಿ ಬೆರೆಸಿದರು. ಕುಡಿದೆ. ಉಳಿಯಿತು.

ರುಚಿಸಿತು ಎಂದರೆ ಸುಳ್ಳು. ಹಿಂದೆಯೇ ಒಂದು ಸುಣ್ಣದ ಒಗರು ನಾಲಗೆಗೆ ಹತ್ತುತ್ತಿತ್ತು. ನೀರು ಬಸಿದ ಗಟ್ಟಿ ಮೊಸರು, ಕೈಯಲ್ಲಿ ಕಿವುಚಿದ ಪನೀರ್, ಈ ಸಾರು, ಇವೇ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪವೇ. ಪ್ರತಿ ಸಲವೂ ಮೈ ಒಲ್ಲೆ ಎನ್ನುತ್ತಿತ್ತು. ಹಿಂಬದಿಯ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು, ಔಷಧಿ ಎಂದುಕೊಂಡು ನುಂಗುತ್ತಿದ್ದೆ. ಮಾವ ಆ ಕಡೆ ಸುಳಿಯುತ್ತಿರಲಿಲ್ಲ. ಒಮ್ಮೆ ಮಾತ್ರ ಬಾಗಿಲ ಹೊರಗಿನಿಂದ, "ಕುಡಿದ್ರಾ?" ಎಂದು ಕೇಳಿದರು. "ಹ್ಞೂಂ," ಎಂದೆ. "ಒಳ್ಳೇದಾತು," ಎಂದು ಹೋದರು.

ಅರವತ್ತು ಗ್ರಾಂ ಮುಟ್ಟಲು ತಿಂಗಳ ಮೇಲಾಯಿತು. ಅಷ್ಟರಲ್ಲಿ ಚಳ್ಳಕೆರೆಗೆ ಮರಳಿದ್ದೆ. ಬೆರಳಿಗೆ ಕಸುವು ಬಂತು, ಕೂದಲು ಉದುರುವುದು ಹತೋಟಿಗೆ ಬಂತು, ಸೂಜಿ ಬಿಟ್ಟಾಯಿತು. ಹೆಂಡತಿ ಬೆಳಗಿನವರೆಗೆ ಏಳದೆ ನಿದ್ದೆ ಮಾಡತೊಡಗಿದಳು. ಗೆಳೆಯ ಹೋಟೆಲಿಗೆ ಕರೆದರೆ ನಾನು ಹೋಗುವುದಿಲ್ಲ. ಈಗ ಅವನೂ ಕರೆಯುವುದನ್ನು ಬಿಟ್ಟಿದ್ದಾನೆ. ನೋಡಲಿಕ್ಕೆ ಏನೂ ಉಳಿದಿಲ್ಲವಲ್ಲ.

ಅರ್ಧ ವರ್ಷ ಕಳೆದಿತ್ತೇನೋ, ಒಂದು ಬೆಳಗ್ಗೆ ಮಂಡಿಯಲ್ಲಿ ಕೂತಿದ್ದಾಗ ಹೊಟ್ಟೆಯಲ್ಲಿ ಏನೋ ಕುಟುಕಿದಂತಾಯಿತು. ನೋವಿರಬೇಕು ಎಂದುಕೊಂಡೆ. ಆಮೇಲೆ ಗುರುತು ಹತ್ತಿತು. ಹಸಿವು. ಆಪರೇಷನ್ ಆದಾಗಿನಿಂದ ಅದು ನನ್ನ ಕಡೆ ತಲೆ ಹಾಕಿರಲಿಲ್ಲ. ಸಂತೋಷವಾಗಬೇಕಿತ್ತು, ಮೈ ಜುಮ್ಮೆಂದಿತು. ಮನೆಯಿಂದ ನಾವೇ ಹೊರಗೆ ಹಾಕಿದವನು ತಿರುಗಿ ಬಂದು ಜಗುಲಿಯಲ್ಲಿ ಕೂತಂತೆ.

ಹೆಂಡತಿಗೆ ಫೋನ್ ಮಾಡಿದೆ. "ಹಸಿವಾಗ್ತೈತೆ ಕಣೇ."

"ಜಾಸ್ತಿನಾ?"

"ಇಲ್ಲ. ಸ್ವಲ್ಪ."

"ಹಂಗಾದ್ರೆ ಮನೆಗೆ ಬರ್ರಿ," ಎಂದಳು. "ನಿಧಾನಕ್ಕೆ ನಡ್ಕೊಂಡೇ ಬರ್ರಿ. ಅಷ್ಟೊತ್ತಿಗೆ ಸಾರು ಆರ್ತೈತೆ."