ಪಟಾಕಿ ಎಷ್ಟೊತ್ತಿಗೆ ಎನ್ನುತ್ತಿದ್ದ ಕುದುರೆ ತಾತ

ಕುದುರೆ ತಾತನ ಬಲಗೈಯಲ್ಲಿ ತೋರುಬೆರಳು ಅರ್ಧವೇ ಇತ್ತು. ಆ ಮೋಟು ಬೆರಳನ್ನೇ ನನ್ನ ಅಂಗಡಿಯ ಗೋಡೆ ಕ್ಯಾಲೆಂಡರಿನ ಮೇಲೆ ಓಡಿಸಿ, ಒಂದು ತಾರೀಕಿನ ಮೇಲೆ ನಿಲ್ಲಿಸಿ, "ಈ ದಿನ ಏನೈತಪ್ಪ?" ಎನ್ನುತ್ತಿದ್ದರು. ಮದುವೆ ಎಂದರೆ ಹೆಣ್ಣು ಯಾವೂರು, ಗಂಡು ಯಾರ ಮಗ ಎಂದು ಕೇಳುವ ಜನ ನಾವು. ತಾತ ಕೇಳುತ್ತಿದ್ದುದು ಒಂದೇ. "ಪಟಾಕಿ ಎಷ್ಟೊತ್ಗೆ?"

ಮಧುಗಿರಿಯಲ್ಲಿ ನನ್ನದು ಶಾಮಿಯಾನದ ಅಂಗಡಿ. ಯಾರ ಮನೆಯಲ್ಲಿ ಸಂಭ್ರಮ, ಯಾರ ಮನೆಯಲ್ಲಿ ಸಾವು ಎಂಬುದು ನೆಂಟರಿಗಿಂತ ಮೊದಲು ನನಗೆ ತಿಳಿಯುತ್ತದೆ. ತಾತ ವಾರಕ್ಕೆರಡು ಸಲ ಬಂದು ಊರಿನ ಸದ್ದುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರು. ಎಲ್ಲ ಚೆಲ್ವಿಗಾಗಿ.

ಚೆಲ್ವಿ ಅವರ ಬಿಳಿ ಹೆಣ್ಣು ಕುದುರೆ. ಈ ಊರಿನ ಅರ್ಧದಷ್ಟು ಮದುವೆ ಗಂಡುಗಳು ಅದರ ಬೆನ್ನೇರಿಯೇ ಮಂಟಪಕ್ಕೆ ಹೋದವರು. ಮೆರವಣಿಗೆ ಒಪ್ಪಿಕೊಳ್ಳುತ್ತಿದ್ದವನು ನಾನು, ಲಗಾಮು ಹಿಡಿಯುತ್ತಿದ್ದವರು ತಾತ. ಒಂದು ಮದುವೆಯಲ್ಲಿ ಗಂಡಿನ ಗೆಳೆಯರು ಕುಡಿದ ಅಮಲಿನಲ್ಲಿ ಪಟಾಕಿ ಸರವನ್ನು ಅದರ ಕಾಲಡಿಗೇ ಎಸೆದರು. ಕುದುರೆ ಎರಡು ಕಾಲ ಮೇಲೆ ಎದ್ದು ನಿಂತಿತು. ಗಂಡು ಪಕ್ಕದ ಮರಳು ಗುಡ್ಡೆಯ ಮೇಲೆ ಬಿದ್ದು ಪೇಟ ಸರಿಮಾಡಿಕೊಂಡ. ತಾತ ಬೆರಳಿಗೆ ಸುತ್ತಿಕೊಂಡಿದ್ದ ಲಗಾಮು ಬಿಡಲಿಲ್ಲ, ಬೆರಳು ಹೋಯಿತು. ಕೈಬಿಟ್ಟಿದ್ದರೆ ಬೆರಳು ಉಳಿಯುತ್ತಿತ್ತಲ್ಲ ಎಂದು ಆಸ್ಪತ್ರೆಯಲ್ಲಿ ಬೈದೆ. "ಬುಟ್ಟಿದ್ರೆ ಅವ್ಳು ಬಸ್ಸಿಗೆ ಸಿಕ್ಬುಡೋಳು ಕಣಪ್ಪ" ಎಂದರು. ಆ ಪಟಾಕಿ ಸರ ತರಿಸಿಕೊಟ್ಟವನು ನಾನೇ. ತಾತನಿಗೂ ಅದು ಗೊತ್ತಿತ್ತು. ಒಂದು ದಿನವೂ ಎತ್ತಿ ಆಡಲಿಲ್ಲ.

ಅಂದಿಗೆ ಚೆಲ್ವಿಯ ದುಡಿಮೆ ಮುಗಿಯಿತು, ಭಯ ಮಾತ್ರ ಉಳಿಯಿತು. ಮನೆ ಹಿಂದಿನ ಜಿಂಕ್ ಶೀಟಿನ ಕೊಟ್ಟಿಗೆಯಲ್ಲಿ ಅದಕ್ಕೆ ವಯಸ್ಸಾಗುತ್ತಾ ಹೋಯಿತು. ಹಲ್ಲು ಸವೆದಿದ್ದರಿಂದ ತಾತ ಹುಲ್ಲನ್ನು ಸಣ್ಣಗೆ ಕತ್ತರಿಸಿ, ಬೇಯಿಸಿದ ಹುರುಳಿಯನ್ನು ಬೂಸಾದ ಜೊತೆ ಕೈಯಲ್ಲೇ ಕಿವುಚಿ ತಿನ್ನಿಸುತ್ತಿದ್ದರು. ಆದರೆ ಒಂದು ಪಟಾಕಿ ಢಂ ಎಂದರೆ ಮುಗಿಯಿತು: ಮೈಯೆಲ್ಲ ಬೆವರು, ನಿಂತಲ್ಲೇ ಸುತ್ತುವುದು, ಮೇವು ಮುಟ್ಟದಿರುವುದು, ಆಮೇಲೆ ಹೊಟ್ಟೆ ಕಟ್ಟಿಕೊಳ್ಳುವುದು. ಈ ವಯಸ್ಸಿನಲ್ಲಿ ಹೊಟ್ಟೆ ಕಟ್ಟಿದರೆ ಉಳಿಸುವುದು ಕಷ್ಟ, ಹೆದರದಂತೆ ನೋಡಿಕೊಳ್ಳುವುದೇ ಔಷಧಿ ಎಂದರು ಪಶುವೈದ್ಯರು. ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಅಂಗಡಿಯಲ್ಲಿ ಸಿಗುತ್ತಿತ್ತು. ಈ ಔಷಧಿಯನ್ನು ತಾತ ಊರೆಲ್ಲ ಸುತ್ತಿ ತರಬೇಕಾಯಿತು.

ಪಟಾಕಿ ವೇಳೆಗೆ ಒಂದು ಗಂಟೆ ಮೊದಲೇ ಚೆಲ್ವಿಯ ಕಿವಿಗೆ ಹತ್ತಿ ತುರುಕಿ, ಅದರ ಜೊತೆಗಾತಿ ಮೇಕೆಯನ್ನು ಮುಂದೆ ಬಿಟ್ಟುಕೊಂಡು ಕೊರಟಗೆರೆ ದಾರಿಯ ಹುಣಸೆ ತೋಪಿಗೆ ಹೊರಡುತ್ತಿದ್ದರು. ಊರೊಳಗಿದ್ದರೆ ಆಗುವುದಿಲ್ಲ, ನಮ್ಮಲ್ಲಿ ಒಂದು ಸಿಡಿದರೆ ಬೆಟ್ಟಕ್ಕೆ ಬಡಿದು ಎರಡಾಗಿ ಕೇಳುತ್ತದೆ. ತಾತ ಹೊರಟರೆಂದರೆ ಮಕ್ಕಳು ಪಟಾಕಿ ನೋಡಲು ಎದುರು ದಿಕ್ಕಿಗೆ ಓಡುತ್ತಿದ್ದವು. ಹಳ್ಳಿಯಲ್ಲಿ ಬಿಟ್ಟುಬಿಡಿ ಎಂದವರ ಮಾತು ಕೇಳಿ ಒಮ್ಮೆ ಹೊಳವನಹಳ್ಳಿಯ ತಂಗಿ ಮನೆಯಲ್ಲಿ ಕಟ್ಟಿದರು. ಚೆಲ್ವಿ ಎರಡು ದಿನ ನೀರು ಸಹ ಮೂಸಲಿಲ್ಲ. ಮೂರನೆಯ ದಿನ ಅಷ್ಟು ದೂರ ನಡೆಸಿಕೊಂಡೇ ವಾಪಸು ತಂದರು.

ಪುರೋಹಿತರಿಗಿಂತ ನೀವೇ ಹೆಚ್ಚು ಮುಹೂರ್ತ ನೋಡುತ್ತೀರಿ ಎಂದು ನಾನು ರೇಗಿಸುತ್ತಿದ್ದೆ. "ಅವ್ರು ಒಳ್ಳೆ ಟೈಮ್ ನೋಡ್ತಾರೆ, ನಾನು ಕೆಟ್ ಟೈಮ್ ನೋಡ್ತೀನಿ" ಎಂದು ನಗುತ್ತಿದ್ದರು. ಒಮ್ಮೆ ತೋಪಿನಿಂದ ಬಂದವರು ಚೆಲ್ವಿಯ ಪಕ್ಕೆಗೆ ಕಿವಿಯಿಟ್ಟು ಕೇಳಿ, ನನ್ನನ್ನೂ ಕೇಳಿಸಿಕೊಳ್ಳಲು ಕರೆದರು. ಮುಚ್ಚಿದ ಪಾತ್ರೆಯಲ್ಲಿ ಅನ್ನ ಕುದಿಯುವಂಥ ಸದ್ದು. "ಹೊಟ್ಟೆ ಹಿಂಗೆ ಮಾತಾಡ್ತಾ ಇದ್ರೆ ಚೆನ್ನಾಗೌಳೆ ಅಂತ. ಸುಮ್ಕಾಯ್ತು ಅಂದ್ರೆ ಭಯ ಕಣಪ್ಪ."

ಒಂದು ವರ್ಷ ಬೇಸಿಗೆಯ ಕೊನೆಗೆ ತಾತನಿಗೆ ಕೆಮ್ಮು ಹಿಡಿದಿತ್ತು. ಅಂಗಡಿಗೆ ಬಂದವರು ಮೋಟು ಬೆರಳನ್ನು ಯಾವ ತಾರೀಕಿನ ಮೇಲೂ ಇಡದೆ, ಕ್ಯಾಲೆಂಡರಿನ ಅಂಚಿನ ಖಾಲಿ ಜಾಗದಲ್ಲಿಟ್ಟರು.

"ಒಂದಿನ ಇದ್ರಾಗೆ ಬರ್ದಿರಕಿಲ್ಲ. ಅವತ್ತು ಮೊದ್ಲು ಅವ್ಳನ್ನ ತೋಪಿಗೆ ಕರ್ಕೊಂಡೋಗು. ಆಮೇಲೆ ನನ್ನ ಎತ್ಲಿ."

"ಬುಡಿ ತಾತ, ಅದ್ಯಾಕೆ ಈಗ?"

"ಆಯ್ತು ಅನ್ನು."

ಆಯ್ತು ಎಂದೆ.

ತಾತ ತೀರಿಕೊಂಡದ್ದು ಆಷಾಢದಲ್ಲಿ. ಮದುವೆಯಿಲ್ಲ, ಮೆರವಣಿಗೆಯಿಲ್ಲ, ನನ್ನ ಕ್ಯಾಲೆಂಡರ್ ಖಾಲಿ. ಅವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ ತಿಂಗಳು ಅದೊಂದೇ. ಬೆಳಿಗ್ಗೆ ಆಟೋ ಓಡಿಸುವ ಅವರ ಮಗ ಫೋನ್ ಮಾಡಿದ. ನಾನೇ ಹೋಗಿ ಶಾಮಿಯಾನ ಹಾಕಿಸಿದೆ, ಕುರ್ಚಿ ಇಳಿಸಿದೆ, ತಮಟೆಯವರನ್ನು ಕರೆಸಿದೆ. ಊರಿನ ಗಂಡುಗಳನ್ನೆಲ್ಲ ಮೆರೆಸಿದ ಮನುಷ್ಯ, ಕಳಿಸಿಕೊಡುವುದು ಜೋರಾಗಿಯೇ ಆಗಲಿ ಎಂದು ಎರಡು ದೊಡ್ಡ ಪಟಾಕಿ ಸರ ತರಿಸಿದೆ. ಕಣ್ಣೊರೆಸಿಕೊಂಡು ಓಡಾಡುತ್ತಿದ್ದೆ. ಮಾಡುತ್ತಿರುವುದು ಒಳ್ಳೆಯದೇ ಎಂಬ ಸಮಾಧಾನವೂ ಇತ್ತು.

ಮಧ್ಯಾಹ್ನ ಚಟ್ಟ ಎತ್ತಿದರು. ತಮಟೆ ಶುರುವಾಯಿತು. ಸರಕ್ಕೆ ಬೆಂಕಿ ಬಿತ್ತು. ಮನೆಯ ಹಿಂದೆ ಜಿಂಕ್ ಶೀಟಿಗೆ ಏನೋ ಅಪ್ಪಳಿಸಿದ ಸದ್ದು ಬಂದಾಗಲೇ ನನಗೆ ನೆನಪಾದದ್ದು. ಬೆಳಗಿನಿಂದ ಆ ಕೊಟ್ಟಿಗೆಗೆ ಇಪ್ಪತ್ತು ಹೆಜ್ಜೆ ದೂರದಲ್ಲೇ ಇದ್ದೆ.

ಓಡಿದೆ. ಚೆಲ್ವಿಯ ಹಣೆ ಒಡೆದು ಮುಖವೆಲ್ಲ ಕೆಂಪಾಗಿತ್ತು, ಮೇಕೆ ಮೂಲೆಯಲ್ಲಿ ಮುದುರಿತ್ತು. ನಿಲ್ಲಿಸಿ ಎಂದು ಕೂಗಿದ್ದು ತಮಟೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಎಷ್ಟೋ ಸರ ತರಿಸಿಕೊಟ್ಟಿದ್ದೇನೆ, ಒಂದು ಸರ ಅಷ್ಟು ಹೊತ್ತು ಸಿಡಿಯುತ್ತದೆಂದು ಗೊತ್ತಿರಲಿಲ್ಲ. ಹಗ್ಗ ಹಿಡಿದುಕೊಂಡು ಅಲ್ಲೇ ನಿಂತೆ. ತಾತನಿಗೆ ಮಣ್ಣು ಹಾಕಲು ಹೋಗಲಿಲ್ಲ.

ಸಂಜೆ ವೈದ್ಯರು ಬಂದು ಹಣೆಗೆ ಹೊಲಿಗೆ ಹಾಕಿದರು, ಇಂಜೆಕ್ಷನ್ ಕೊಟ್ಟರು, ಮೂಗಿನಿಂದ ನಳಿಕೆ ಇಳಿಸಿ ಔಷಧಿ ಹೊಯ್ದರು. ಅವರು ಹೋದ ಮೇಲೆ ನಾನು ಪಕ್ಕೆಗೆ ಕಿವಿಯಿಟ್ಟೆ. ಏನೂ ಕೇಳಲಿಲ್ಲ. ಆ ಕಡೆ ಹೋಗಿ ಇನ್ನೊಂದು ಪಕ್ಕೆಗೆ ಇಟ್ಟೆ. ಅಲ್ಲಿಯೂ ಇಲ್ಲ. ಮೂರನೆಯ ದಿನ ಮನೆಯವರು ಹಾಲುತುಪ್ಪಕ್ಕೆ ಹೋಗಿದ್ದಾಗ ಚೆಲ್ವಿ ಸತ್ತಿತು. ಜೆಸಿಬಿ ತರಿಸಿ ಹುಣಸೆ ತೋಪಿನಲ್ಲೇ ಗುಂಡಿ ತೆಗೆಸಿದೆ.

ಈಗ ಯಾರೇ ಬುಕಿಂಗಿಗೆ ಬರಲಿ, ಪಟಾಕಿ ಎಷ್ಟೊತ್ತಿಗೆ ಎಂದು ಕೇಳಿ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳುತ್ತೇನೆ. ತಿಥಿ ಮುಗಿದ ಮೇಲೆ ತಾತನ ಮಗ ಕುರ್ಚಿ ಹಿಂತಿರುಗಿಸಲು ಬಂದಿದ್ದ. ನನ್ನ ಮುಖ ನೋಡಿ ಅವನೇ ಸಮಾಧಾನ ಮಾಡಿದ.

"ಆ ಗಲಾಟೇಲಿ ಯಾರ್ಗ್ ನೆಪ್ಪಿತ್ತು ಬುಡಣ್ಣ. ಅವತ್ತು ಚೆಲ್ವಿನ ಏನ್ ಮಾಡ್ಬೇಕು ಅಂತ ಅಪ್ಪ ನಮ್ಗೂ ಹೇಳಿರ್ನಿಲ್ಲ."

ನನಗೆ ಹೇಳಿದ್ದರು. ಅವನೆದುರು ಅದನ್ನು ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಹೇಳಿದ್ದೇನೆ.