ಕುಬಸದ ಮರುದಿನ

…ಬಾಳೆಹಣ್ಣು ಎರಡಿದ್ದವೋ ಮೂರೋ — ಈಗ ಖಾತ್ರಿಯಿಲ್ಲ. ಎರಡೆಂದು ಬರೆದೆ, ಆಮೇಲೆ ಬರೆದದ್ದೇ ನೆನಪಾಗಿ ಉಳಿಯಿತು. ಇಷ್ಟಂತೂ ನಿಜ, ಹುಲಿಗೆವ್ವ: ನಿನ್ನ ಕುಬಸದ, ಆ ಸೀಮಂತದ ಊಟವನ್ನು ನೀನು ದಿನಾ ಉಣ್ಣುವ ಊಟವೆಂದು ಬರೆದವಳು ನಾನು. ತಿಳಿದೇ ಬರೆದೆ.

ಆಗ ನಾನು ತಾವರಗೇರಾ ಸುತ್ತಿನ ಹಳ್ಳಿಗಳಲ್ಲಿ ಬಸುರಿಯರ ಊಟದ ಸಮೀಕ್ಷೆಗೆ ತಿರುಗುತ್ತಿದ್ದೆ. ನಿನ್ನೆ ಬೆಳಗಿನಿಂದ ಏನೇನು ತಿಂದಿರಿ ಎಂದು ಕೇಳುವುದು, ಅಳತೆಯ ಬಟ್ಟಲು ಮುಂದಿಟ್ಟು ಎಷ್ಟೆಂದು ತೋರಿಸಲು ಹೇಳುವುದು, ರಾಷ್ಟ್ರೀಯ ಆಹಾರ ಮಾರ್ಗಸೂಚಿಗೆ ಹೋಲಿಸಿ — ಕಾಳು, ಸೊಪ್ಪು, ಹಾಲು, ಹಣ್ಣು — ಅಂಕ ಹಾಕುವುದು. ಅಂಕ ಕಡಿಮೆ ಬಂದವರನ್ನು ಕುಷ್ಟಗಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸುತ್ತಿದ್ದರು, ಹೆರಿಗೆಯವರೆಗೆ ಹಾಲು, ಮೊಟ್ಟೆ ಕೊಡುತ್ತಿದ್ದರು. ಒಂದು ನಿಯಮವಿತ್ತು: ನಿನ್ನೆ ಹಬ್ಬವೋ ಮನೆಯಲ್ಲಿ ಕಾರ್ಯವೋ ಆಗಿದ್ದರೆ ಬರೆಯಬಾರದು, ಇನ್ನೊಂದು ದಿನ ಬರಬೇಕು.

ನಾನು ಬಂದದ್ದು ನಿನ್ನ ಕುಬಸದ ಮರುದಿನ. ಕೈತುಂಬ ಹಸಿರು ಬಳೆಗಳಿದ್ದವು — ಇದ್ದವೇ? ಕುಬಸವೆಂದ ಮೇಲೆ ಇರಲೇಬೇಕೆಂದು ಈಗ ನಾನೇ ತೊಡಿಸುತ್ತಿದ್ದೇನೇನೋ. ಆನೆಗೊಂದಿಯ ನಿನ್ನ ತವರಿನವರು ತಂದ ಬುತ್ತಿಯಲ್ಲಿ ಉಂಡದ್ದನ್ನು ನೀನು ಒಂದೊಂದಾಗಿ ಹೇಳಿದೆ: ಹೋಳಿಗೆ, ಕಡಬು, ಹೆಸರುಕಾಳಿನ ಪಲ್ಯ, ಮೊಸರನ್ನ, ಬಾಳೆಹಣ್ಣು. ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದ ನಿನ್ನ ಅತ್ತೆ ನಕ್ಕರು.

"ಪೂರಾ ಬರಕೋರಿ ಅಕ್ಕಾರ. ಓಣಿ ಮಂದಿಗೆ ಹಂಚೂದ ಬಿಟ್ಟು ತಾನ ಉಂಡ ಕುಂತಾಳ."

ನೀನು ನಗಲಿಲ್ಲ. "ಇದು ನಿನ್ನಿದಷ್ಟರಿ. ದಿನಾ ರೊಟ್ಟಿ, ಖಾರ. ಇದ್ರ ಪುಂಡಿಪಲ್ಯ. ಅದನ್ನ ಬರಕೋರಿ."

"ನಿನ್ನಿ ಉಂಡದ್ದಷ್ಟ ಹೇಳವಾ," ಅಂದೆ. "ನಾ ಕೇಳಿದ್ದು ಅಷ್ಟ."

ನಿನ್ನೆ ವಿಶೇಷ ದಿನವೇ — ಎಂಬ ಪ್ರಶ್ನೆಯಿತ್ತು ಹಾಳೆಯ ತುದಿಯಲ್ಲಿ. ಇಲ್ಲ ಎಂದು ಗುರುತು ಹಾಕಿದೆ. ಆ ಊರಲ್ಲಿ ಬರೆದುಕೊಳ್ಳಲು ಉಳಿದಿದ್ದವಳು ನೀನೊಬ್ಬಳೇ. ನಿನ್ನೊಬ್ಬಳಿಗಾಗಿ ಮತ್ತೆ ಬರಲು ಬೇಸರ — ಅಷ್ಟೇ, ಇದಕ್ಕಿಂತ ದೊಡ್ಡ ಕಾರಣ ಎಷ್ಟು ಹುಡುಕಿದರೂ ಸಿಗಲಿಲ್ಲ. ಆ ತಿಂಗಳು ನಾನು ಹಾಕಿದ ಅಂಕಗಳಲ್ಲಿ ನಿನ್ನದೇ ಹೆಚ್ಚು.

ಕೆಲವು ವಾರಗಳ ಮೇಲೆ ತಾವರಗೇರಾ ಸಂತೆಯಲ್ಲಿ ನಿನ್ನ ಅತ್ತೆ ಸಿಕ್ಕರು.

"ಅಂಗನವಾಡಿಯಾಕಿ ಹಾಲು ಮೊಟ್ಟಿ ಕೊಡೋ ಪಟ್ಟ್ಯಾಗ ನಮ್ಮ ಸೊಸಿ ಹೆಸರ ಇಲ್ಲ ಅಂದ್ಲರಿ. ಛಲೋ ಉಣ್ಣಾಕತ್ತಾಳಂತ ನೀವ ಬರದೀರಂತ. ಈಗ ಆಕಿ ಹಾಲು ಕೇಳಿದ್ರ ನಾನೂ ಅದನ್ನ ಅಂತೀನಿ. ಹಾಳ್ಯಾಗ ಉಂಡೀಯಲ್ಲ, ಇನ್ನೇನವಾ?" ನಗುತ್ತಲೇ ಹೇಳಿದವರು ದನಿ ತಗ್ಗಿಸಿದರು. "ಮಾರಿ ಬಿಳಚಿಕೊಂಡೈತ್ರಿ. ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರತೈತಂತಾಳ. ಹಡ್ಯಾಕ ತವರಮನಿಗೆ ಕಳಸಾಕತ್ತೀವಿ."

"ನೋಡ್ತೀನ್ರಿ," ಅಂದೆ.

ನೋಡಲಿಲ್ಲ. ಹಾಳೆಯನ್ನು ತಿದ್ದಿಸಬಹುದಿತ್ತು, ತಿದ್ದಿಸಲು ಹೋದರೆ ಆ ಗುರುತು ಹಾಕಿದ್ದು ಯಾಕೆಂದು ಕೇಳುತ್ತಿದ್ದರು. ಮುಂದಿನ ತಿಂಗಳು ನನ್ನನ್ನು ಯಲಬುರ್ಗಾ ಕಡೆಗೆ ಹಾಕಿದರು. ಹಗುರವಾಯಿತು ಅನ್ನಿಸಿತ್ತು — ಇದು ಮಾತ್ರ ಸರಿಯಾಗಿ ನೆನಪಿದೆ, ಇದನ್ನು ಮರೆಯಬೇಕಿತ್ತು.

ಆಮೇಲೆ ಎಷ್ಟೋ ವರ್ಷ ಹೆಂಗಸರನ್ನು ಕೇಳಿದೆ, ನಿನ್ನೆ ಏನು ಉಂಡಿರಿ ಎಂದು. ಯಾರಾದರೂ ಒಂದು ಕ್ಷಣ ತಡೆದರೆ, ಪೆನ್ನು ಕೆಳಗಿಟ್ಟು ಕಾಯುತ್ತಿದ್ದೆ. ಅದರಿಂದ ನಿನಗೇನೂ ಆಗಲಿಲ್ಲ.

ಗಂಗಾವತಿಯಿಂದ ಆನೆಗೊಂದಿಗೆ ದಿನಾ ಬಸ್ಸಿದೆ. ನಾನು ಹೋಗಿ ಕೇಳಿಲ್ಲ. ನೀನು ಹೆತ್ತು ಉಳಿದೆಯೋ, ಮಗು ಉಳಿಯಿತೋ — ನನಗೆ ಗೊತ್ತಿಲ್ಲ.