ಹೂಗಾರ ಸರ್ ಬಾಕಿ ಉಳಿಸಿಕೊಂಡ ಪೇಪರು

ಮುಂಬಯಿ ಪಕ್ಕದ ಠಾಣೆ ರೈಲ್ವೆ ಸ್ಟೇಷನ್ನಿನ ಬಾಗಿಲಲ್ಲಿರುವ ಮೆಟಲ್ ಡಿಟೆಕ್ಟರ್ ಎಲ್ಲರನ್ನೂ ನೋಡಿ ಕೂಗುತ್ತದೆ, ಯಾರೂ ನಿಲ್ಲುವುದಿಲ್ಲ. ಅದರ ಮಾತಿಗೆ ಬೆಲೆ ಕೊಟ್ಟು ನಿಲ್ಲುತ್ತಿದ್ದವರು ನಾನು ಕಂಡಂತೆ ಹೂಗಾರ ಸರ್ ಒಬ್ಬರೇ. ತಾವಾಗಿಯೇ ಪೊಲೀಸನ ಹತ್ತಿರ ಹೋಗಿ, ಪ್ಯಾಂಟಿನ ಎರಡೂ ಜೇಬಿನಿಂದ ಬೋಲ್ಟುಗಳನ್ನು ತೆಗೆದು ಅವನ ಮೇಜಿನ ಮೇಲೆ ಸುರಿದು, "ಗಿನ್‌ಕೇ ದೇಖೋ ಸಾಬ್, ಪೂರಾ ಚಾಲೀಸ್ ಹೈ" ಎಂದು ನಲವತ್ತನ್ನೂ ಎಣಿಸಿ ನೋಡಲು ಹೇಳುತ್ತಿದ್ದರು. ಆ ಪೊಲೀಸನೋ, ಡಬ್ಬಿ ಬಿಚ್ಚಿ ಊಟಕ್ಕೆ ಕೂತಿರುತ್ತಿದ್ದ. "ಜಾ ನಾ ಕಾಕಾ" ಎಂದು ಎಡಗೈಯಲ್ಲೇ ನಮಸ್ಕಾರ ಹಾಕುತ್ತಿದ್ದ.

ಆ ಬೋಲ್ಟುಗಳೇ ಸರ್ ಅವರ ಪಠ್ಯಪುಸ್ತಕ, ಒಂದೊಂದನ್ನೂ ಅಳೆಸಿಯೇ ಸರಾಸರಿ ಕಲಿಸುತ್ತಿದ್ದರು. ಧಾರವಾಡದ ಕಡೆಯಿಂದ ಬಂದು, ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಬೋಲ್ಟು ಅಳೆಯುತ್ತಲೇ ನಿವೃತ್ತರಾದವರು. ಆಮೇಲೆ ಠಾಣೆಯ ನಮ್ಮ ಕಾಲೇಜಿನ ಲೈಬ್ರರಿಯ ಪಕ್ಕ, ಝೆರಾಕ್ಸ್ ಮಷೀನಿನ ಶಾಖದಲ್ಲಿ, 'ಮ್ಯಾಥ್ಸ್ ಹೆಲ್ಪ್ ಡೆಸ್ಕ್' ಎಂಬ ಬೋರ್ಡಿನ ಕೆಳಗೆ ವಾರಕ್ಕೆರಡು ದಿನ ಕೂರುತ್ತಿದ್ದರು. ಅಲ್ಲಿಗೆ ಗಣಿತದ ಹುಡುಗರು ಬರುತ್ತಿರಲಿಲ್ಲ. ಹತ್ತನೇ ಕ್ಲಾಸಿಗೆ ಗಣಿತದ ಪೀಡೆ ಕಳೆಯಿತೆಂದು ಸೈಕಾಲಜಿ, ಪತ್ರಿಕೋದ್ಯಮ ಅಂತ ಸೇರಿ, ಎರಡನೇ ವರ್ಷದಲ್ಲಿ ಸ್ಟ್ಯಾಟಿಸ್ಟಿಕ್ಸ್ ಎಂಬ ಹೊಸ ಹೆಸರಿನಲ್ಲಿ ಅದೇ ಪೀಡೆಯ ಕೈಗೆ ಸಿಕ್ಕಿಬಿದ್ದ ನಾವು ಬರುತ್ತಿದ್ದೆವು. ಫೇಲಾದ ಪೇಪರಿಗೆ ಮುಂಬಯಿ ಕಡೆ 'ಕೆಟಿ' ಎನ್ನುತ್ತಾರೆ. ನಪಾಸು ಅನ್ನುವುದಕ್ಕಿಂತ ಕೇಳಲು ಸುಖ.

ನಾನು ಓದುತ್ತಿದ್ದದ್ದು ಆಹಾರಶಾಸ್ತ್ರ. ಎರಡು ಸಲ ಕೆಟಿ ಆಗಿತ್ತು. ಮೂರನೇ ಸಲವೂ ಹೋದರೆ ಕೊನೆಯ ವರ್ಷಕ್ಕೆ ಪ್ರವೇಶವಿಲ್ಲ. ಡೊಂಬಿವಿಲಿಯಲ್ಲಿ ಉಡುಪಿ ಹೋಟೆಲ್ ನಡೆಸುವ ಅಪ್ಪ ಆಗಲೇ ತೀರ್ಪು ಕೊಟ್ಟಾಗಿತ್ತು. "ಆಹಾರ ಓದಿದ್ದು ಸಾಕು ಮಾರಾಯ್ತಿ, ಬಂದು ದೋಸೆ ಹೊಯ್ಯಿ. ಅದೂ ಆಹಾರವೇ ಅಲ್ವಾ?"

ಮೊದಲ ದಿನ ಸರ್ ಎದುರು ಕೂತು, "ಎರಡು ಸಲ ಹೋಗಿದೆ ಸರ್, ನನ್ನ ತಲೆಗೆ ಹತ್ತುದಿಲ್ಲ" ಎಂದೆ.

ಸರ್ ಆಚೀಚೆ ನೋಡಿ ದನಿ ತಗ್ಗಿಸಿದರು. "ನಂದೂ ಎರಡ ಸಲ ಹೋಗೇತಿ, ತಂಗಿ."

ಹರೆಯದಲ್ಲಿ ಗಣಿತಕ್ಕೆ ಹೆದರಿಯೇ ಬಿ.ಎಸ್ಸಿ. ಬಿಟ್ಟು ಬಂದಿದ್ದರಂತೆ. ನಿವೃತ್ತಿಯ ನಂತರ ಮುಕ್ತ ವಿಶ್ವವಿದ್ಯಾಲಯದಲ್ಲಿ ಹೆಸರು ಹಚ್ಚಿ, ಎಲ್ಲ ಪೇಪರು ಮುಗಿಸಿ, ಎರಡು ಸಲ ಹೋದ ಗಣಿತ ಒಂದನ್ನು ಮಾತ್ರ ಮತ್ತೆ ಬರೆಯದೆ ಉಳಿಸಿಕೊಂಡಿದ್ದರು. "ಮನ್ಯಾಗ ಎಲ್ಲಾ ಬರ್ತೈತಿ. ಪರೀಕ್ಷಾ ಹಾಲಿನ್ಯಾಗ ಕುಂತ್ರ ನನ್ನ ಹೆಸರೂ ನೆನಪಾಗಂಗಿಲ್ಲ."

ನಾನು ನಕ್ಕುಬಿಟ್ಟೆ. ಸರ್ ಬೇಜಾರು ಮಾಡಿಕೊಳ್ಳಲಿಲ್ಲ. "ಒಂದ ಕೆಲಸ ಮಾಡೂಣು. ನೀ ಪಾಸಾದ್ರ ನಾ ಫಾರ್ಮ್ ತುಂಬ್ತೀನಿ" ಎಂದು ಕೈ ಚಾಚಿದರು. ನನ್ನ ನೋಟ್‌ಬುಕ್ಕು ತಿರುವಿ ನೋಡಿದ ಮೇಲೇ ಆ ಮಾತು ಆಡಿದ್ದರು. ತಮಗೆ ಯಾವ ಅಪಾಯವೂ ಇಲ್ಲವೆಂದು ಅವರಿಗೆ ಖಾತ್ರಿಯಾಗಿರಬೇಕು.

ಅವರದು ಒಂದೇ ಕಟ್ಟಳೆ. ಕ್ಯಾಲ್ಕ್ಯುಲೇಟರ್ ಮುಟ್ಟುವ ಮೊದಲು ಉತ್ತರ ಎಷ್ಟಿರಬಹುದೆಂದು ಪೆನ್ಸಿಲಿನಲ್ಲಿ ಮೂಲೆಗೆ ಬರೆಯಬೇಕು. ತಪ್ಪಾದರೂ ಸರಿ, ಬರೆಯಬೇಕು. ಆಮೇಲೆ ಲೆಕ್ಕ. ಎರಡಕ್ಕೂ ತಾಳೆಯಾಗದಿದ್ದರೆ, "ಇಬ್ರಾಗ ಒಬ್ರು ಸುಳ್ಳ ಹೇಳಾಕತ್ತಾರ, ಹಿಡೀರಿ" ಎನ್ನುತ್ತಿದ್ದರು. ಒಮ್ಮೆ ನಾನು ಮೂಲೆಗೆ ಏನೂ ಬರೆಯದೆ, ರೋಗಿಯೊಬ್ಬನ ದಿನದ ಉಪ್ಪನ್ನು ಲೆಕ್ಕ ಹಾಕಿ, ಐದು ಕಿಲೋ ಎಂದು ಉತ್ತರದ ಕೆಳಗೆ ಎರಡು ಗೆರೆ ಎಳೆದುಕೊಟ್ಟೆ. ಸರ್ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಓದಿದರು.

"ಹೋಟೆಲಿನವರ ಮಗಳಲ್ಲೇನವಾ ನೀ? ಐದ ಕಿಲೋ ಉಪ್ಪ ತಿಂದಾವ ಪೇಷಂಟ್ ಉಳಿಯಂಗಿಲ್ಲ, ಉಪ್ಪಿನಕಾಯಿ ಆಗ್ತಾನ."

ಇಡೀ ಲೈಬ್ರರಿ ನಕ್ಕಿತು. ನಾನೂ ತಡೆಯಲಾಗದೆ ಬಿಕ್ಕಳಿಕೆ ಬರುವಷ್ಟು ನಕ್ಕೆ. ಗಣಿತದ ಪುಸ್ತಕದ ಎದುರು ನಾನು ಹಾಗೆ ನಕ್ಕದ್ದು ಜನ್ಮದಲ್ಲಿ ಅದೇ ಮೊದಲು.

ಇನ್ನೊಂದು ಸಂಜೆ ಪಾಠ ಪ್ಲಾಟ್‌ಫಾರ್ಮಿಗೇ ಬಂತು. ಮನೆಗೆ ಹೊರಟಿದ್ದ ನಾವು ಹತ್ತು ಜನ ಕೆಟಿಗಳನ್ನು ನಿಲ್ಲಿಸಿ, ಈಗ ಬರುವ ಬದಲಾಪುರ ಲೋಕಲ್ಲಿನ ಒಂದು ಬಾಗಿಲಿಂದ ಎಷ್ಟು ಜನ ಇಳಿಯುತ್ತಾರೆ, ಹೇಳಿ ಎಂದರು. ಒಬ್ಬ ಹತ್ತು ಅಂದ, ಒಬ್ಬಳು ನೂರು ಅಂದಳು. ಪಕ್ಕದಲ್ಲಿದ್ದ, ಚಿಕ್ಕಮ್ಮನ ವಯಸ್ಸಿನ ಮಾವಶಿಯೊಬ್ಬರು ಕೇಳದೆಯೇ ಐವತ್ತು ಅಂದರು. ಟೈ ಕಟ್ಟಿದ ಗೃಹಸ್ಥರೊಬ್ಬರು ಐವತ್ತು ಸಾಧ್ಯವೇ ಇಲ್ಲವೆಂದು ಅವರ ಮೇಲೆ ವಾದಕ್ಕೇ ಬಿದ್ದರು. ಗಾಡಿ ಬಂತು, ಎಲ್ಲರೂ ಒಟ್ಟಿಗೆ ಕೂಗಿ ಎಣಿಸಿದೆವು, ಇಳಿಯುವವರು ಕಕ್ಕಾಬಿಕ್ಕಿಯಾಗಿ ನಮ್ಮನ್ನೇ ನೋಡುತ್ತಾ ಇಳಿದರು. ಮೂವತ್ತೊಂದು. ಸುಮ್ಮನೆ ಮೂವತ್ತು ಎಂದಿದ್ದ ಸಮೋಸಾ ಮಾರುವವನೇ ಗೆದ್ದದ್ದು. ಇಷ್ಟರಲ್ಲಿ ನಾವು ಹತ್ತಬೇಕಿದ್ದ ಗಾಡಿ ಹೊರಟೇಹೋಗಿತ್ತು, ಗೃಹಸ್ಥರದೂ.

"ಅವಂಗ ದಿನಾ ನೋಡಿದ ಡೇಟಾ ಐತಿ. ನಿಮಗ ಬರೇ ಧೈರ್ಯ ಐತಿ" ಎಂದು ಸರ್ ನಮಗೆಲ್ಲ ಸಮೋಸಾ ಕೊಡಿಸಿದರು.

ಪರೀಕ್ಷೆಯ ದಿನ ಮೂಲೆಯಲ್ಲಿ ಪೆನ್ಸಿಲಿನಿಂದ ಹನ್ನೆರಡು ಎಂದು ಬರೆದೆ. ಕ್ಯಾಲ್ಕ್ಯುಲೇಟರ್ ನೂರಿಪ್ಪತ್ತು ಎಂದಿತು. ಹಿಂದಿನ ಎರಡು ಸಲವಾದರೆ ಕಣ್ಣುಮುಚ್ಚಿ ನೂರಿಪ್ಪತ್ತನ್ನೇ ಇಳಿಸಿ ಬರುತ್ತಿದ್ದೆ. ಈ ಸಲ ಸುಳ್ಳುಗಾರನನ್ನು ಹುಡುಕಿದೆ. ಒಂದು ಸೊನ್ನೆ ಜಾಸ್ತಿ ಒತ್ತಿದ್ದೆ. ನಗು ಬಂತು, ಮೇಲ್ವಿಚಾರಕಿ ಬಂದು ನನ್ನ ಡೆಸ್ಕಿನ ಅಡಿಯೆಲ್ಲ ತಡಕಿ ನೋಡಿದರು.

ಐವತ್ತೆರಡು ಮಾರ್ಕ್ಸ್ ಬಂತು. ಪೇಡೆಯ ಪೊಟ್ಟಣ ಹಿಡಿದು ಓಡಿದೆ. ಸರ್ ಮುಖದಲ್ಲಿ ಮೊದಲು ಬಂದದ್ದು ಸಂತೋಷ, ಅದರ ಹಿಂದೆಯೇ ಭಯ. "ಖರೇನ ಪಾಸಾದೇನವಾ? ನಾ ಸತ್ತೆ" ಎಂದು ಪೇಡೆಯನ್ನು ಬಾಯಿಗಿಡದೆ ಕೈಯಲ್ಲೇ ಹಿಡಿದು ಕೂತರು. ಒಂದು ವಾರ ನನ್ನ ಫೋನೇ ಎತ್ತಲಿಲ್ಲ. ಕೊನೆಗೆ ಡೊಂಬಿವಿಲಿಯ ಅವರ ಮನೆಗೇ ಹೋಗಿ, ಅವರ ಹೆಂಡತಿ ಶಾಂತಕ್ಕನ ಎದುರಿಗೇ ಫಾರ್ಮ್ ತುಂಬಿಸಿದೆ. ಶಾಂತಕ್ಕ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಪರೀಕ್ಷಾ ಕೇಂದ್ರ ಕಲ್ಯಾಣದಲ್ಲಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಲ್‌ಟಿಕೆಟ್. ಚೀಲ ಹೊತ್ತು ನಾನೂ ಹೋಗಿದ್ದೆ. ಗೇಟಿನಲ್ಲಿ ವಾಚ್‌ಮನ್ ಅವರನ್ನೇ ತಡೆದ. "ಕಾಕಾ, ಪಾಲಕ್ ಬಾಹೇರ್ ಥಾಂಬಾ." ಅಪ್ಪ ಅಮ್ಮಂದಿರು ಹೊರಗೆ ನಿಲ್ಲಬೇಕಂತೆ. ಸರ್ ಹಾಲ್‌ಟಿಕೆಟ್ ತೋರಿಸಿ, ನನ್ನ ಕಡೆ ಬೊಟ್ಟು ಮಾಡಿ, "ಮೀ ವಿದ್ಯಾರ್ಥಿ. ಪಾಲಕ್ ತೀ ಆಹೇ" ಎಂದರು. ವಿದ್ಯಾರ್ಥಿ ನಾನು, ಪಾಲಕರು ಅವಳು. ವಾಚ್‌ಮನ್ ಅವರನ್ನು ಒಳಗೆ ಬಿಟ್ಟು, ನನ್ನನ್ನು ಗದರಿಸಿ ರಸ್ತೆಯಾಚೆ ನಿಲ್ಲಿಸಿದ. ಮೂರು ಗಂಟೆ ಅಲ್ಲೇ ನಿಂತಿದ್ದೆ. ನನ್ನ ಪರೀಕ್ಷೆಗೂ ನಾನು ಅಷ್ಟು ಹೆದರಿರಲಿಲ್ಲ.

ಹೊರಗೆ ಬಂದವರನ್ನು, "ಹೆಸರು ನೆನಪಾಯ್ತಾ ಸರ್?" ಎಂದು ಕೇಳಿದೆ.

"ಎಲ್ಲಾ ಹಾಳಿ ಮ್ಯಾಲೂ ಬರದೀನಿ" ಎಂದರು. ಅವತ್ತು ಡೊಂಬಿವಿಲಿ ಬರುವವರೆಗೂ ಇಬ್ಬರೂ ನಗುತ್ತಲೇ ಬಂದೆವು. ಅದೇ ಕೊನೆ. ಮುಂದಿನ ತಿಂಗಳು ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಫಲಿತಾಂಶ ಆಮೇಲೆ ಬಂತು. ಎಪ್ಪತ್ತೊಂದು, ನನಗಿಂತ ಎಷ್ಟೋ ಜಾಸ್ತಿ. ಮಾರ್ಕ್ಸ್‌ಕಾರ್ಡ್ ತರಲು ಶಾಂತಕ್ಕ ಪತ್ರ ಬರೆದುಕೊಟ್ಟು ನನ್ನನ್ನೇ ಕಳಿಸಿದರು. ಕೌಂಟರಿನ ಗುಮಾಸ್ತ ಅವರ ಪತ್ರ ಓದಿ, ವಿದ್ಯಾರ್ಥಿಗೆ ನೀವು ಏನಾಗಬೇಕು ಎಂದು ಕೇಳಿದ.

"ಪಾಲಕ್" ಎಂದೆ.

ಅವನು ಸರ್ ಅವರ ಜನ್ಮವರ್ಷ ನೋಡಿದ, ನನ್ನ ಮುಖ ನೋಡಿದ. ರಿಜಿಸ್ಟರನ್ನು ನನ್ನತ್ತ ತಿರುಗಿಸಿ, ಸಹಿ ಹಾಕಬೇಕಾದ ಜಾಗವನ್ನು ಬೆರಳಿನಿಂದ ತೋರಿಸಿದ.